ಹಳೆ ಕ್ರಿಕೆಟ್ ಕಾರ್ಡಿನ ಕಲೆ: ತೆಗೆಯಬಹುದಾದದ್ದು, ಬಿಡಬೇಕಾದದ್ದು

ಮುಂಬೈನ ಚೋರ್ ಬಜಾರಿನಲ್ಲಿ ಕೊಂಡಿದ್ದಿರಲಿ, ಡೊಂಬಿವಲಿಯ ಮನೆಯ ಲಾಫ್ಟಿನಿಂದ ಇಳಿಸಿದ್ದಿರಲಿ, ಹಳೆಯ ಕಾರ್ಡಿಗೆ ನೀರು ಸೋಕಿಸಬೇಡಿ. ರಟ್ಟಿನ ನಾರು ನೀರು ಕುಡಿದು ಉಬ್ಬುತ್ತದೆ, ಮೂಲೆಯಲ್ಲಿ ಪದರ ಬಿಚ್ಚಿಕೊಳ್ಳುತ್ತದೆ. ಆಮೇಲೆ ಪುಸ್ತಕದಡಿ ಒತ್ತಿಟ್ಟರೂ ಮೊದಲಿನಂತಾಗದು.

ದೀಪದ ಕೆಳಗೆ ಓರೆಯಾಗಿ ಹಿಡಿದು ನೋಡಿ. ಮಂಕು ಪೊರೆಯಂತೆ ಕಂಡರೆ ಅದು ಬಹುಶಃ ಕಾರ್ಡನ್ನೂ ಬಬಲ್‌ಗಮ್ಮನ್ನೂ ಸುತ್ತಿ ಮಾರುತ್ತಿದ್ದ ಹೊದಿಕೆ ಕಾಗದದ ಮೇಣ. ಒಗೆದು ಒಣಗಿಸಿದ ನೈಲಾನ್ ಸ್ಟಾಕಿಂಗ್ ಅನ್ನು ಬೆರಳಿಗೆ ಸುತ್ತಿ, ನಡುವಿನಿಂದ ಅಂಚಿನ ಕಡೆಗೆ ಹಗುರವಾಗಿ ಹತ್ತು-ಹದಿನೈದು ಸಲ ಸವರಿ. ನುಣುಪು ಬದಿಗೆ ಮಾತ್ರ ಈ ಉಪಾಯ. ಒರಟಾದ ಹಿಂಬದಿಯಲ್ಲಿ ಶಾಯಿಯೇ ಎದ್ದುಬರಬಹುದು.

ಅಂಟಿದ ಬಬಲ್‌ಗಮ್‌ಗೆ ಚಳಿ ಬೇಕು. ಜಿಪ್ ಚೀಲದಲ್ಲಿ ಗಾಳಿ ಹೊರತೆಗೆದು ಒಂದು ಗಂಟೆ ಫ್ರೀಜರಿನಲ್ಲಿಡಿ, ಎಸಿ ಕೋಣೆಯಲ್ಲೇ ತೆರೆದು ಪ್ಲಾಸ್ಟಿಕ್ ಚೂರಿನಿಂದ ತಕ್ಷಣ ಚಿಮ್ಮಿಸಿ. ತಡಮಾಡಿದರೆ ಮುಂಬೈ ಗಾಳಿಯ ತೇವ ಕಾರ್ಡಿನ ಮೇಲೆ ಹನಿಗಟ್ಟುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಬೂಷ್ಟನ್ನು ಹಸಿಯಾಗಿದ್ದಾಗ ಒರೆಸಿದರೆ ಅದು ನಾರಿನೊಳಗೆ ಇಳಿಯುತ್ತದೆ. ಸಿಲಿಕಾ ಜೆಲ್ ಹಾಕಿದ ಮುಚ್ಚಿದ ಡಬ್ಬಿಯಲ್ಲಿ ಎರಡು ದಿನ ಒಣಗಿಸಿ, ಮಾಸ್ಕ್ ತೊಟ್ಟು, ಬಾಲ್ಕನಿಯಲ್ಲಿ ಮೆತ್ತನೆಯ ಬ್ರಷ್‌ನಿಂದ ಉದುರಿಸಿ. ಉಳಿದ ಕಂದು ಚುಕ್ಕೆ ಹೋಗುವುದಿಲ್ಲ.

ಪೆನ್ಸಿಲ್ ಗೆರೆಗೆ ವಿನೈಲ್ ರಬ್ಬರ್ ಸಾಕು, ಬಿಳಿ ಅಂಚಿನಲ್ಲಿ ಮಾತ್ರ. ಬಾಲ್‌ಪೆನ್ ಶಾಯಿಯನ್ನು ಹಾಗೇ ಬಿಡಿ. ಬ್ಲೀಚ್ ಹಾಕಿದರೆ ನಾರು ಸೊರಗುತ್ತದೆ. ಕಾರ್ಡಿನ ಸ್ಥಿತಿ ನೋಡಿ ದರ್ಜೆ ಕೊಡುವ ಗ್ರೇಡಿಂಗ್‌ನವರಿಗೆ ಬ್ಲೀಚ್ ಮಾಡಿದ್ದು ತಿದ್ದಿದ ಕಾರ್ಡು. ಕೊನೆಗೆ ಪಿವಿಸಿ ಬೇಡ, ಪಾಲಿಪ್ರೊಪಿಲೀನ್ ಕವರಿಗೆ ಹಾಕಿಡಿ.