ಸಿಹಿ ಕುಕೀಸ್‌ಗೆ ಖಾರಾ ಶೇಂಗಾ: ಪುಣೆಯ ಅಡುಗೆಮನೆಯಿಂದ ನನ್ನ ಅನುಭವ

ಡಿಸೆಂಬರ್‌ನಲ್ಲಿ ಪುಣೆಯಲ್ಲಿ ಬಿಸ್ಕತ್ತಿಗೇನೂ ಬರವಿಲ್ಲ. ಕ್ಯಾಂಪ್ ಕಡೆ ಹೋದರೆ ಈಸ್ಟ್ ಸ್ಟ್ರೀಟಿನಲ್ಲಿ 1955ರಿಂದ ಇರುವ ಕಯಾನಿ ಬೇಕರಿ, ಅಲ್ಲಿನ ಶ್ರೂಸ್‌ಬರಿ ಬಿಸ್ಕತ್ತಿಗೆ ಯಾವಾಗಲೂ ಸಾಲು. ಮತ್ತೆ ಮನೆಯಲ್ಲಿ ಯಾಕೆ ಒದ್ದಾಡಬೇಕು ಅಂತ ನಮ್ಮನೆಯಲ್ಲೂ ಕೇಳುತ್ತಾರೆ. ನನಗೆ ಬೇಕಾಗಿರುವುದು ಸಿಹಿ ಮತ್ತು ಉಪ್ಪು ಒಂದೇ ತುತ್ತಿನಲ್ಲಿ ಸಿಗುವ ಕುಕೀಸ್. ಅದು ನನಗೆ ಬೇಕಾದ ಹಾಗೆ ಹೊರಗೆ ಸಿಗುವುದಿಲ್ಲ, ಅಷ್ಟೇ.

ನಮ್ಮತ್ತೆಯವರು ಹುಬ್ಬಳ್ಳಿಯಿಂದ ಬಂದಾಗ ಇದನ್ನು ನೋಡಿ, "ಏನವಾ ಇದು, ಸಕ್ರಿಗೆ ಉಪ್ಪು ಹಾಕ್ತಾರೇನು?" ಅಂದರು. "ಅತ್ತಿ, ನೀವು ಹೋಳಿಗಿ ಕಣಕಕ್ಕ ಉಪ್ಪು ಹಾಕೂದಿಲ್ಲೇನು?" ಅಂದೆ. ಸುಮ್ಮನಾದರು. ನಿಜ ಅಲ್ವಾ? ಚೂರು ಉಪ್ಪು ಬಿದ್ದರೆ ಸಿಹಿ ಎದ್ದು ಕಾಣುತ್ತದೆ, ಚಾಕೊಲೇಟಿನ ಕಹಿ ತಗ್ಗುತ್ತದೆ. ಆದರೆ ಅದನ್ನೆಲ್ಲ ಹಿಟ್ಟಿನಲ್ಲೇ ಕರಗಿಸಿಬಿಟ್ಟರೆ ಇಡೀ ಕುಕೀ ಬರೀ ಉಪ್ಪುಪ್ಪು. ಉಪ್ಪು ಅಲ್ಲಲ್ಲಿ ಬಾಯಿಗೆ ಸಿಗಬೇಕು: ಒಂದು ಕಡಿತದಲ್ಲಿ ಶೇಂಗಾ ಜೊತೆ, ಇನ್ನೊಂದರಲ್ಲಿ ಮೇಲಿನ ಹರಳಿನ ಜೊತೆ, ಮಧ್ಯೆ ಬರೀ ಸಿಹಿ. ನಾನು ಮಾಡುವುದೆಲ್ಲ ಈ ಒಂದು ಲೆಕ್ಕದ ಮೇಲೆ.

ಮೊದಲು ಬೆಣ್ಣೆ ನೋಡಿ. ಹಳದಿ ಅಮುಲ್ ಬೆಣ್ಣೆಯಲ್ಲಿ 100 ಗ್ರಾಂಗೆ ಸುಮಾರು 2 ಗ್ರಾಂ ಉಪ್ಪು ಆಗಲೇ ಇರುತ್ತದೆ. ಅದನ್ನೇ ಬಳಸಿದರೆ ಹಿಟ್ಟಿಗೆ ಬೇರೆ ಉಪ್ಪು ಬೇಡವೇ ಬೇಡ. ಉಪ್ಪಿಲ್ಲದ ಬೆಣ್ಣೆಯಾದರೆ ಕಾಲು ಚಮಚ ಪುಡಿ ಉಪ್ಪು ಹಾಕಿ. ನಾನು ಉಪ್ಪಿಲ್ಲದ್ದನ್ನೇ ತರುತ್ತೇನೆ. ಯಾಕೆಂದರೆ ಆಮೇಲೆ ಶೇಂಗಾ, ಮೇಲೆ ಹಚ್ಚುವ ಆಲೂ ವೇಫರ್ಸ್ (ಚಿಪ್ಸ್) ಎರಡರಲ್ಲೂ ಉಪ್ಪಿರುತ್ತದೆ, ಲೆಕ್ಕ ನನ್ನ ಕೈಯಲ್ಲಿರಲಿ ಅಂತ.

ಅಳತೆ ಹೀಗೆ. ಬೆಣ್ಣೆ 115 ಗ್ರಾಂ, ಬ್ರೌನ್ ಶುಗರ್ 100, ಬಿಳಿ ಸಕ್ಕರೆ 50, ಒಂದು ಮೊಟ್ಟೆ, ಮೈದಾ 160, ಅಡುಗೆ ಸೋಡಾ ಅರ್ಧ ಚಮಚ. ಇದಕ್ಕೆ ಕೈಯಲ್ಲೇ ತುಂಡು ಮಾಡಿದ ಡಾರ್ಕ್ ಚಾಕೊಲೇಟ್ 100 ಗ್ರಾಂ, ಸಿಪ್ಪೆ ಉಜ್ಜಿದ ಖಾರಾ ಶೇಂಗಾ 50 ಗ್ರಾಂ. ಇಲ್ಲಿನವರು ಖಾರೇ ದಾಣೆ ಅನ್ನುವ, ಉಪ್ಪಿನಲ್ಲಿ ಹುರಿದ ಶೇಂಗಾ ಇದು, ಎಲ್ಲ ಕಿರಾಣಿ ಅಂಗಡಿಯಲ್ಲೂ ಸಿಗುತ್ತದೆ. ಕಾಂಗ್ರೆಸ್ ಕಡ್ಲೆಬೀಜವನ್ನೂ ಹಾಕಿ ನೋಡಿದ್ದೇನೆ, ಬೇಳೆಯಾಗಿ ಒಡೆದಿರುವುದರಿಂದ ಹಿಟ್ಟಿನಲ್ಲಿ ಚೆನ್ನಾಗಿ ಕೂರುತ್ತದೆ, ಮೆಣಸಿನ ಘಾಟೂ ಸಿಗುತ್ತದೆ. ಮಕ್ಕಳಿಗೆ ಮಾತ್ರ ಅದು ಸೇರುವುದಿಲ್ಲ.

ಬ್ರೌನ್ ಶುಗರ್ ಬಿಡಬೇಡಿ. ಅದರಲ್ಲಿರುವ ಕಾಕಂಬಿ ತೇವ ಹಿಡಿದಿಡುತ್ತದೆ, ಹಾಗಾಗಿ ನಡುಭಾಗ ಮೆತ್ತಗಿರುತ್ತದೆ. ಬಿಳಿ ಸಕ್ಕರೆಯಿಂದ ಅಂಚು ಗರಿಗರಿ. ಎರಡೂ ಬೇಕು.

ಬೆಣ್ಣೆ ಮತ್ತು ಸಕ್ಕರೆಯನ್ನು ಚೆನ್ನಾಗಿ ನಾದಿ, ಮೊಟ್ಟೆ ಸೇರಿಸಿ, ಜರಡಿ ಹಿಡಿದ ಮೈದಾ ಮತ್ತು ಸೋಡಾ ಹಾಕಿದ ಮೇಲೆ ಮಾತ್ರ ಕೈ ಕಟ್ಟಿಕೊಳ್ಳಬೇಕು. ಹಿಟ್ಟಿನ ಬಿಳಿ ಕಾಣದಾಯಿತೋ, ಸಾಕು. ಜಾಸ್ತಿ ಕಲಸಿದರೆ ಮೈದಾ ಬಿಗಿಯಾಗಿ ಕುಕೀ ಗಟ್ಟಿಯಾಗುತ್ತದೆ. ಪಕ್ಕದ ಮನೆ ಕಾಕು ಮೊಟ್ಟೆ ತಿನ್ನುವುದಿಲ್ಲ. ಅವರ ಪಾಲಿಗೆ ಮೊಟ್ಟೆಯ ಬದಲು 3 ದೊಡ್ಡ ಚಮಚ ಹಾಲು, ಒಂದು ದೊಡ್ಡ ಚಮಚ ಕಾರ್ನ್‌ಫ್ಲೋರ್. ಬಣ್ಣ ಸ್ವಲ್ಪ ಕಡಿಮೆ ಬರುತ್ತದೆ, ರುಚಿಗೆ ತೊಂದರೆಯಿಲ್ಲ.

ಇನ್ನು ಆಲೂ ವೇಫರ್ಸ್. ಪುಣೆಯವರಿಗೆ ವೇಫರ್ಸ್ ಅಂದರೆ ಪ್ರಾಣ, ಗಲ್ಲಿಗೊಂದು ಅಂಗಡಿ. ಇವನ್ನು ಹಿಟ್ಟಿನೊಳಗೆ ಕಲಸಬೇಡಿ. ಹಿಟ್ಟಿನ ತೇವ ಎಳೆದುಕೊಂಡು ಮೆತ್ತಗಾಗುತ್ತವೆ, ಬೆಂದ ಮೇಲೂ ಚರ್ಮದ ಹಾಗೆ ಜಗಿಯಬೇಕಾಗುತ್ತದೆ. ನಾನು ಮಾಡುವುದು ಬೇರೆ. ಸಾದಾ ಉಪ್ಪಿನ ವೇಫರ್ಸನ್ನು ತಟ್ಟೆಯಲ್ಲಿ ಹರಡಿ ಅಂಗೈಯಿಂದ ಒಂದೇ ಸಲ ಒತ್ತುತ್ತೇನೆ, ಪುಡಿ ಮಾಡುವುದಿಲ್ಲ, ಉಗುರಿನಷ್ಟು ಚೂರುಗಳು ಉಳಿಯಬೇಕು. ಹಿಟ್ಟನ್ನು ನಿಂಬೆಹಣ್ಣಿನ ಗಾತ್ರದ ಉಂಡೆ ಮಾಡಿ ಮೇಲ್ಭಾಗವನ್ನು ಮಾತ್ರ ಅದರಲ್ಲಿ ಅದ್ದಿ ಒತ್ತಬೇಕು. ಚೂರುಗಳು ಅಡ್ಡಾದಿಡ್ಡಿ ನಿಂತಿರುತ್ತವೆ. ಓವನ್ನಿನಲ್ಲಿ ಉಂಡೆ ಹರಡುತ್ತಾ ಹೋದಂತೆ ಅವೂ ಬೇರೆಬೇರೆಯಾಗಿ, ನಡುವೆ ಚಾಕೊಲೇಟ್ ಇಣುಕುತ್ತದೆ, ತುದಿಗಳು ಕೆಂಪಗಾಗುತ್ತವೆ. ಒಳಗಿನ ತೇವ ಅಲ್ಲಿಗೆ ಅಷ್ಟು ತಲುಪುವುದಿಲ್ಲ. ಕಚ್ಚಿದರೆ ಕರುಂ ಅನ್ನುತ್ತದೆ.

ಹವೆಯ ವಿಷಯ ಹೇಳಲೇಬೇಕು. ಡಿಸೆಂಬರ್ ರಾತ್ರಿ ಇಲ್ಲಿ 10-12 ಡಿಗ್ರಿಗೆ ಇಳಿಯುತ್ತದೆ, ಬೆಳಿಗ್ಗೆ ಬೆಣ್ಣೆ ಕಲ್ಲಾಗಿರುತ್ತದೆ. ಕತ್ತರಿಸಿ ತುಂಡು ಮಾಡಿ ಬಿಸಿಲು ಬರುವ ಕಿಟಕಿ ಹತ್ತಿರ ಸ್ವಲ್ಪ ಹೊತ್ತು ಇಟ್ಟರೆ ಸರಿಹೋಗುತ್ತದೆ, ಕರಗಲು ಬಿಡಬಾರದು. ಡೊಂಬಿವಲಿಯಲ್ಲಿರುವ ನನ್ನ ತಂಗಿಯದು ಉಲ್ಟಾ ಕಥೆ. ಮುಂಬಯಿ ಕಡೆ ಡಿಸೆಂಬರ್‌ನಲ್ಲೂ ಹಗಲು 30 ಡಿಗ್ರಿ ದಾಟುತ್ತದೆ. ಅವಳು ಉಂಡೆಗಳನ್ನು ಫ್ರಿಜ್ಜಿನಲ್ಲಿ ಒಂದು ಗಂಟೆಯಾದರೂ ಇಡದಿದ್ದರೆ ಓವನ್ನಿನಲ್ಲಿ ಎಲ್ಲಾ ಸೇರಿ ಒಂದೇ ರೊಟ್ಟಿ. ಪುಣೆಯಲ್ಲೂ ಫ್ರಿಜ್ಜಿನಲ್ಲಿಟ್ಟರೆ ಒಳ್ಳೆಯದೇ. ಮೈದಾ ತೇವ ಹೀರಿಕೊಂಡು ರುಚಿ ಗಾಢವಾಗುತ್ತದೆ.

ನಾವು ಚಿಕ್ಕವರಿದ್ದಾಗ ಹುಬ್ಬಳ್ಳಿಯಲ್ಲಿ ಮನೆಯಲ್ಲಿ ಓವನ್ ಎಲ್ಲಿತ್ತು? ಹಬ್ಬದ ಮುಂಚೆ ಮೈದಾ, ಸಕ್ಕರೆ, ಡಾಲ್ಡಾ ಹೊತ್ತು ಬೇಕರಿಗೆ ಹೋಗುವುದು, ಅಲ್ಲೇ ಕೂತು ಮಾಡಿಸಿಕೊಂಡು ಪತ್ರಾ ಡಬ್ಬಿ ತುಂಬಾ ನಾನ್‌ಖಟಾಯಿ ತರುವುದು. ಪುಣೆಯ ಪೇಠೆಗಳಲ್ಲೂ ಇದೇ ರೂಢಿ ಇತ್ತಂತೆ, ಕಾಕು ಹೇಳುತ್ತಾರೆ. ಆ ಇಟ್ಟಿಗೆ ಭಟ್ಟಿಗಳಲ್ಲಿ ಬ್ರೆಡ್ ಆದ ಮೇಲೆ, ಬೆಂಕಿ ಇಳಿದು ಕಾವು ನಿಧಾನ ತಗ್ಗುವಾಗ ಬಿಸ್ಕತ್ತು ಬೇಯಿಸುತ್ತಿದ್ದರು. ಎಲ್ಲ ಕಡೆ ಒಂದೇ ಶಾಖ. ನಮ್ಮ ಓಟಿಜಿಯಲ್ಲಿ, ಅಂದರೆ ಮನೆಯ ಸಣ್ಣ ಕರೆಂಟ್ ಓವನ್ನಿನಲ್ಲಿ, ಆ ಸುಖವಿಲ್ಲ, ಹಿಂದಿನ ಮೂಲೆ ಜಾಸ್ತಿ ಬಿಸಿ, ಗುಂಡಿ ತೋರಿಸುವ ಡಿಗ್ರಿಗೂ ಒಳಗಿನ ಡಿಗ್ರಿಗೂ ತಾಳಮೇಳವಿಲ್ಲ. ಒಳಗಿಡುವ ಸಣ್ಣ ಥರ್ಮಾಮೀಟರ್ ತಗೊಳ್ಳಿ, ದುಡ್ಡು ದಂಡವಲ್ಲ.

ಮೇಲೆ ಕೆಳಗೆ ಎರಡೂ ರಾಡ್ ಹಾಕಿ 175 ಡಿಗ್ರಿಗೆ 15 ನಿಮಿಷ ಮೊದಲೇ ಕಾಯಿಸಿ. ಟ್ರೇ ನಡುವಿನ ಮೆಟ್ಟಿಲಲ್ಲಿ. ಒಟ್ಟು 12-13 ನಿಮಿಷ, ಅರ್ಧಕ್ಕೆ ಟ್ರೇ ತಿರುಗಿಸಬೇಕು. ಅಂಚು ಕೆಂಪಾಗಿ ನಡುವೆ ಇನ್ನೂ ಹಸಿ ಅನ್ನಿಸುವಾಗಲೇ ಹೊರಗೆ ತೆಗೆಯಿರಿ, ಧೈರ್ಯ ಬೇಕು ಇದಕ್ಕೆ, ಆದರೆ ಬಿಸಿ ಟ್ರೇ ಮೇಲೆ ಐದು ನಿಮಿಷ ಕೂತರೆ ತಾನೇ ಗಟ್ಟಿಯಾಗುತ್ತದೆ. ಅದೇ ಬಿಸಿ ಟ್ರೇಗೆ ಮುಂದಿನ ಉಂಡೆ ಇಡಬೇಡಿ, ಓವನ್ ಸೇರುವ ಮೊದಲೇ ಕರಗಿ ಹರಡುತ್ತವೆ.

ಮೇಲಿನ ಉಪ್ಪಿಗೆ ವಿದೇಶಿ ಡಬ್ಬಿ ಏನೂ ಬೇಡ. ಗೋಕರ್ಣದ ಹತ್ತಿರದ ಸಾಣಿಕಟ್ಟಾ ಕಲ್ಲುಪ್ಪು ಊರಿಂದ ಬಂದಿರುತ್ತದೆ. ಅದನ್ನು ಕುಟ್ಟಾಣಿಯಲ್ಲಿ ನಾಲ್ಕು ಏಟು ಹಾಕಿ ಟೀ ಸೋಸುವ ಜಾಲರಿಯಲ್ಲಿ ಜಾಡಿಸುತ್ತೇನೆ. ಕೆಳಗೆ ಬಿದ್ದ ಪುಡಿ ಸಾರಿಗೆ, ಮೇಲುಳಿದ ರವೆಯಂಥ ಹರಳು ಕುಕೀಸ್‌ಗೆ. ಹಲ್ಲಿಗೆ ಸಿಕ್ಕುವಂಥ ದೊಡ್ಡದಿದ್ದರೆ ತೆಗೆದುಬಿಡಿ. ಓವನ್‌ನಿಂದ ತೆಗೆದ ತಕ್ಷಣ, ಚಾಕೊಲೇಟ್ ಇನ್ನೂ ಹೊಳೆಯುತ್ತಿರುವಾಗ ಉದುರಿಸಬೇಕು, ಆಗ ಅಂಟುತ್ತದೆ. ಒಂದು ಕುಕೀಗೆ ಐದಾರು ಹರಳು, ಜಾಸ್ತಿ ಬೇಡ.

ಹಿರಿಯರಿಗೆ ಬೇರೆಯೇ ಮಾಡುತ್ತೇನೆ: ನಮ್ಮ ಖಾರಾ ಬಿಸ್ಕತ್ತು, ಸ್ವಲ್ಪ ಸಿಹಿ ಬೆರೆಸಿ. ಮೈದಾ 150 ಗ್ರಾಂ, ಉಪ್ಪಿಲ್ಲದ ಬೆಣ್ಣೆ 75, ಸಕ್ಕರೆ ಪುಡಿ 25, ಉಪ್ಪು ಮುಕ್ಕಾಲು ಚಮಚ, ಬೇಕಿಂಗ್ ಪೌಡರ್ ಅರ್ಧ ಚಮಚ, ಮೊಸರು 2 ದೊಡ್ಡ ಚಮಚ, ಹುರಿದ ಜೀರಿಗೆ, ಹಸಿಮೆಣಸಿನಕಾಯಿ, ಕರಿಬೇವು. ಕರಿಬೇವನ್ನು ಗರಿಗರಿ ಹುರಿದು ಪುಡಿ ಮಾಡಿ ಹಾಕಿ, ಹಸಿಯದನ್ನೇ ಹಾಕಿದರೆ ತೇವ. ಲಟ್ಟಿಸಿ, ಕತ್ತರಿಸಿ, ಫೋರ್ಕಿನಿಂದ ಚುಚ್ಚಿ 160 ಡಿಗ್ರಿಗೆ 18-20 ನಿಮಿಷ.

ಇವೆರಡನ್ನೂ ಒಂದೇ ಡಬ್ಬಿಯಲ್ಲಿ ಇಡಬೇಡಿ. ಮೆತ್ತಗಿನ ಕುಕೀಸಿನ ತೇವ ಖಾರಾ ಬಿಸ್ಕತ್ತಿಗೆ ಹೋಗುತ್ತದೆ, ಜೀರಿಗೆ ವಾಸನೆ ಚಾಕೊಲೇಟಿಗೆ. ಪೂರ್ತಿ ಆರಿದ ಮೇಲೆ ಬೇರೆ ಬೇರೆ ಸ್ಟೀಲ್ ಡಬ್ಬಿ, ಮೊಟ್ಟೆ ಇಲ್ಲದ್ದಕ್ಕೆ ಮುಚ್ಚಳದ ಮೇಲೆ ಚೀಟಿ. ವೇಫರ್ಸ್ ಕುಕೀಸ್ ಎರಡು ಮೂರು ದಿನದಲ್ಲಿ ಮುಗಿಸಬೇಕು. ಹಾಗಾಗಿ ನಾನು ಎಲ್ಲಾ ಒಟ್ಟಿಗೆ ಬೇಯಿಸುವುದಿಲ್ಲ. ವೇಫರ್ಸ್ ಹಚ್ಚದ ಉಂಡೆಗಳನ್ನು ಫ್ರೀಜರ್‌ನಲ್ಲಿ ಇಟ್ಟು, ಯಾರಾದರೂ ಮನೆಗೆ ಬರುತ್ತೇವೆ ಅಂದಾಗ ಮೇಲ್ಭಾಗ ಸ್ವಲ್ಪ ಅಂಟುವಷ್ಟು ಹೊತ್ತು ಹೊರಗಿಟ್ಟು, ವೇಫರ್ಸ್ ಒತ್ತಿ ಹಾಗೆಯೇ ಓವನ್ನಿಗೆ ಹಾಕುತ್ತೇನೆ, ಎರಡು ನಿಮಿಷ ಜಾಸ್ತಿ ಕೊಟ್ಟು.