ಗರುಗದ ಸೊಪ್ಪು ಕುಂಡದಲ್ಲೇ ಬೆಳೆಯುತ್ತದೆ

ತಲೆಗೂದಲಿಗೆ ಗರುಗ (ಭೃಂಗರಾಜ) ಬೇಕು ಅಂತ ಚರಂಡಿ ಪಕ್ಕದ ಗಿಡ ಕಿತ್ತು ತರಬೇಡಿ. ಕೊಳಕು ನೀರಿನಲ್ಲಿರುವುದನ್ನೆಲ್ಲ ಅದು ಹೀರಿಕೊಂಡಿರುತ್ತದೆ. ಮನೆಯಲ್ಲೇ ಬೆಳೆಸುವುದು ಸುಲಭ.

ಮೊದಲು ಗಿಡ ಸರಿಯಾಗಿ ಗುರುತಿಸಿ. ಹೂವು ಬಿಳಿ, ಶರ್ಟಿನ ಗುಂಡಿಗಿಂತ ಚಿಕ್ಕದು. ಎಲೆ, ಕಾಂಡ ಮುಟ್ಟಿದರೆ ತರಿತರಿ. ದಂಟು ಮುರಿದು ಬೆರಳಲ್ಲಿ ಹೊಸಕಿ, ಸ್ವಲ್ಪ ಹೊತ್ತಿನಲ್ಲೇ ರಸ ಕಪ್ಪಾಗುತ್ತದೆ. ಹಳದಿ ಹೂವಿನದನ್ನೂ ಇದೇ ಹೆಸರಲ್ಲಿ ಮಾರುತ್ತಾರೆ, ಅದು ಬೇರೆ ಗಿಡ.

ಬಲಿತ ಬೀಜವನ್ನು ಒದ್ದೆ ಮಣ್ಣಿನ ಮೇಲೆ ಸುಮ್ನೆ ಉದುರಿಸಿ. ಮಣ್ಣು ಮುಚ್ಚಬೇಡಿ, ಮೊಳಕೆಗೆ ಬೆಳಕು ಬೇಕು. ಗೆಣ್ಣಿರುವ ತುಂಡು ನೆಟ್ಟರೂ ಬೇರು ಬಿಡುತ್ತದೆ. ಬಿಸಿಲು ಮತ್ತು ಸದಾ ತೇವ, ಇಷ್ಟೇ ಇದರ ಬೇಡಿಕೆ. ಹೂವನ್ನು ಹಾಗೇ ಬಿಟ್ಟರೆ ಪಕ್ಕದ ಕುಂಡಗಳೆಲ್ಲ ಇದರದ್ದೇ ಆಗುತ್ತವೆ!

ಎಣ್ಣೆಗೆ: ಸೊಪ್ಪು ತೊಳೆದು ಅರೆದು ರಸ ಹಿಂಡಿ. ಅದರಷ್ಟೇ ಕೊಬ್ಬರಿ ಎಣ್ಣೆ ಸೇರಿಸಿ ಸಣ್ಣ ಉರಿಯಲ್ಲಿ ಕಾಯಿಸಿ. ಚಟಪಟ ಸದ್ದು ನಿಂತರೆ ನೀರು ಆರಿದೆ ಅಂತ ಅರ್ಥ. ನೀರಂಶ ಉಳಿದರೆ ಎಣ್ಣೆ ಬೇಗ ಕೆಡುತ್ತದೆ, ಇಲ್ಲಿ ಅವಸರ ಬೇಡ.

ಬಣ್ಣಕ್ಕಾದರೆ ಮೆಹಂದಿಯನ್ನು ಈ ರಸದಲ್ಲೇ ಕಲಸಿ. ಕೆಂಪು ಸ್ವಲ್ಪ ಗಾಢವಾಗುತ್ತದೆ. ನರೆಗೂದಲು ಕಡುಕಪ್ಪಾಗುತ್ತದೆ ಅನ್ನುವ ಮಾತನ್ನು ನಾನಂತೂ ನಂಬುವುದಿಲ್ಲ. ಉಗುರಿಗೆ ಮಾತ್ರ ಚೆನ್ನಾಗಿ ಹಿಡಿಯುತ್ತದೆ, ಕೈಗವಸು ಹಾಕಿಕೊಳ್ಳಿ. ಮೊದಲ ಸಲ ಹಚ್ಚುವವರು ಮೊಣಕೈ ಒಳಭಾಗಕ್ಕೆ ಹಚ್ಚಿ ಒಂದು ದಿನ ನೋಡಿ. ಕುಡಿಯುವ ಔಷಧಿಯಾಗಿ ಬೇಕಿದ್ದರೆ ವೈದ್ಯರನ್ನು ಕೇಳಿ, ಮುಖ್ಯವಾಗಿ ಗರ್ಭಿಣಿಯರು.