ಒಂದೇ ಬೆರಳಲ್ಲಿ ತೋರಿಸುವ ಹೊಟ್ಟೆನೋವು

"ಹೊಟ್ಟೆನೋವಿಗೂ ಅರಿವಳಿಕೆಯವರಿಗೂ ಏನ್ರೀ ಸಂಬಂಧ?" ನಮ್ಮ ಸರ್ಜನ್ ಮೊದಲ ದಿನವೇ ನಕ್ಕಿದ್ದರು. ದಾವಣಗೆರೆ ಕಡೆಯ ನರ್ಸಿಂಗ್ ಹೋಮ್‌ಗಳಲ್ಲಿ ಅರಿವಳಿಕೆ ಕೊಡುವವನು ನಾನು. ಹೊಟ್ಟೆಗೋಡೆಯ ಸ್ನಾಯುವಿನಲ್ಲಿ ಸಿಕ್ಕಿಕೊಂಡು ನೋಯುವ ನರಕ್ಕೆ ಬ್ಲಾಕ್, ಅಂದರೆ ನರ ಮರಗಟ್ಟಿಸುವ ಇಂಜೆಕ್ಷನ್, ಕೊಡಲು ಶುರುಮಾಡಿ ಆರು ವರ್ಷ ಆಯ್ತು.

ಮೊದಲನೆಯವರು ರಾಣೆಬೆನ್ನೂರು ಕಡೆಯ ಹೆಂಗಸು. ಮೂರು ವರ್ಷದ ನೋವು. ಎಂಡೋಸ್ಕೋಪಿ ಎರಡು ಸಲ, ಸಿ.ಟಿ. ಒಂದು ಸಲ ಆಗಿತ್ತು. ಅಪೆಂಡಿಕ್ಸನ್ನೂ ತೆಗೆಸಿದ್ದರು. 70-80 ಸಾವಿರ ಹೋಗಿತ್ತು, ಒಂದು ಎಮ್ಮೆ ಮಾರಿದ್ದರಂತೆ. ರಿಪೋರ್ಟೆಲ್ಲ ನಾರ್ಮಲ್. ಕೊನೆಗೆ ಯಾರೋ "ಇದು ಮನಸ್ಸಿಗೆ ಸಂಬಂಧಿಸಿದ್ದು" ಅಂದಿದ್ದರು.

"ಎಲ್ಲಮ್ಮ ನೋವು?" ಅಂದೆ. ಅಂಗೈ ಇಡಲಿಲ್ಲ, ತೋರುಬೆರಳ ತುದಿ ಒತ್ತಿದರು. "ಇಲ್ಲೇ ನೋಡ್ರೀ ಸಾರ್." ಹೊಕ್ಕುಳ ಬಲಕ್ಕೆ, ಹೊಟ್ಟೆಯ ಮುಂದೆ ಉದ್ದಕ್ಕಿರುವ ರೆಕ್ಟಸ್ ಸ್ನಾಯುವಿನ ಹೊರ ಅಂಚು. ಮಲಗಿಸಿ, ಅಲ್ಲೇ ಬೆರಳಿಟ್ಟು ತಲೆ ಎತ್ತಿಸಿದೆ. ಕಿರುಚಿಬಿಟ್ಟರು. ಹೊಟ್ಟೆ ಬಿಗಿಯಾದಾಗ ನೋವು ಜಾಸ್ತಿಯಾದರೆ ಅದು ಸಾಮಾನ್ಯವಾಗಿ ಒಳಗಿನದ್ದಲ್ಲ, ಹೊಟ್ಟೆಗೋಡೆಯದ್ದು. ಅಮೆರಿಕದ ಸರ್ಜನ್ ಕಾರ್ನೆಟ್ 1926ರಲ್ಲೇ ಹೇಳಿದ ಪರೀಕ್ಷೆ ಇದು, ಒಂದು ಪೈಸೆ ಖರ್ಚಿಲ್ಲ. ಮೂರು ವರ್ಷದಲ್ಲಿ ಒಬ್ಬರೂ ಮಾಡಿರಲಿಲ್ಲ.

ಹಾಗಂತ ಮೊದಲ ಸಲವೇ ಗೆದ್ದೆ ಅಂತಲ್ಲ. ಆಗ ಕೈಯಂದಾಜಲ್ಲಿ ಚುಚ್ಚುತ್ತಿದ್ದೆ. ಆಕೆಗೆ ಎರಡು ಗಂಟೆ ಆರಾಮ, ಆಮೇಲೆ ಮತ್ತೆ ಅದೇ ಕಥೆ. ಎರಡನೆಯವರಿಗೆ ಔಷಧಿ ಕೊಬ್ಬಿನ ಪದರದಲ್ಲೇ ನಿಂತುಬಿಟ್ಟಿತು. ಎರಡು ತಿಂಗಳಲ್ಲಿ ಅಲ್ಲಿ ಸಣ್ಣ ಗುಳಿ, ಚರ್ಮವೂ ಬಿಳಿಚಿಕೊಂಡಿತು. ಔಷಧಿಯಲ್ಲಿನ ಸ್ಟೀರಾಯ್ಡ್ ಆಳಕ್ಕೆ ಹೋಗದೆ ಚರ್ಮದ ಹತ್ತಿರವೇ ಉಳಿದರೆ ಹಾಗಾಗುತ್ತೆ. ಆಕೆಯ ಗಂಡ ಬಂದು ಬೈದು ಹೋದರು. ಬೈಸಿಕೊಳ್ಳಬೇಕಾದದ್ದೇ.

ಚರ್ಮದ ಕೆಳಗಿನ ಪದರಗಳನ್ನು ತೋರಿಸುವ ಅಲ್ಟ್ರಾಸೌಂಡ್ ಲೀನಿಯರ್ ಪ್ರೋಬ್ ಹಿಡಿದ ಮೇಲೆ ಆಟ ಬದಲಾಯಿತು. ಹಳೇ ಯಂತ್ರ, ಸೆಕೆಂಡ್ ಹ್ಯಾಂಡ್, ಎರಡೂವರೆ ಲಕ್ಷ ಆಯ್ತು. ಮನೆಯಲ್ಲಿ ಒಂದು ವಾರ ಮಾತಿಲ್ಲ. ಈಗ ಸ್ನಾಯುವಿನ ಮುಂದಿನ ಪೊರೆಯ ಕೆಳಗೇ ಔಷಧಿ ಹರಡೋದು ಕಣ್ಣಿಗೆ ಕಾಣುತ್ತೆ. ಮರಗಟ್ಟಿಸಲು 2 ಪರ್ಸೆಂಟ್ ಲಿಗ್ನೊಕೇನ್ ನಾಲ್ಕು ಎಂಎಲ್, ಟ್ರಯಾಮ್ಸಿನೊಲೋನ್ ಅನ್ನೋ ಸ್ಟೀರಾಯ್ಡ್ 40 ಎಂಜಿ. ಔಷಧಿ, ಸೂಜಿ ಎಲ್ಲ ಸೇರಿ ಇನ್ನೂರು ರೂಪಾಯಿ ಆಸುಪಾಸು. ಸೂಜಿ ತುದಿ ಸರಿಯಾದ ಜಾಗ ಸೇರಿತು ಅನ್ನೋದಕ್ಕೆ ನನ್ನದೇ ಒಂದು ಗುರುತಿದೆ. ಅದನ್ನಿಲ್ಲಿ ಬರೆಯಲ್ಲ, ಬಂದರೆ ತೋರಿಸುತ್ತೇನೆ.

ಇಲ್ಲಿವರೆಗೆ 60 ಚಿಲ್ಲರೆ ಜನ. ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಜನ ಒಂದೋ ಎರಡೋ ಇಂಜೆಕ್ಷನ್‌ಗೆ ಗೆದ್ದರು. ಹತ್ತು ಮಂದಿಗೆ ಬರೀ ಗಂಟೆಗಳ ಲೆಕ್ಕ. ಅದರಲ್ಲಿ ಇಬ್ಬರು ನರವನ್ನೇ ಕತ್ತರಿಸುವ ಆಪರೇಷನ್‌ಗೆ ಹೋದರು. ಉಳಿದವರಿಗೆ ಏನೂ ಉಪಯೋಗ ಆಗಲಿಲ್ಲ. ಅಂಗೈಯಿಂದ ಇಡೀ ಹೊಟ್ಟೆ ಸವರಿ ತೋರಿಸುವವರನ್ನು ಈಗ ಮುಟ್ಟೋದೇ ಇಲ್ಲ. ಪ್ಯಾಂಕ್ರಿಯಾಸ್ ನೋವಿಗೆ ಹೊಟ್ಟೆಯ ಆಳದ ನರಗುಚ್ಛಕ್ಕೆ ಕೊಡುವ ಸೀಲಿಯಾಕ್ ಬ್ಲಾಕ್ ಬೇರೆಯೇ ಲೋಕ. ಬಿಪಿ ಬೀಳುತ್ತೆ, ಭೇದಿ ಹಿಡಿಯುತ್ತೆ. ಅದನ್ನು ದೊಡ್ಡ ಆಸ್ಪತ್ರೆಗೇ ಬಿಡುತ್ತೇನೆ.

ಶುಗರ್ ಇದ್ದವರಿಗೆ ಸ್ಟೀರಾಯ್ಡ್ ಬಿಟ್ಟು ಬರೀ ಲಿಗ್ನೊಕೇನ್ ಕೊಟ್ಟು ನೋಡಿದೆ. ಕೆಲವರಿಗೆ ಅಷ್ಟೇ ಸಾಕಾಯ್ತು. ಗ್ಲೂಕೋಸ್ ದ್ರಾವಣ, ಅಂದರೆ 5 ಪರ್ಸೆಂಟ್ ಡೆಕ್ಸ್‌ಟ್ರೋಸ್ ಮೂವರಿಗೆ ಹಾಕಿದೆ, ಸುಮ್ನೆ ದಂಡ. ಇನ್ನೊಂದು, ಒಳಲಂಗದ ಲಾಡಿ ಗಂಟು. ನೋವಿನ ಜಾಗದ ಮೇಲೇ ಬಿಗಿದು ಕಟ್ಟುತ್ತಿದ್ದ ನಾಲ್ಕೈದು ಜನ ಸಿಕ್ಕಿದ್ದಾರೆ. ಗಂಟು ಆಚೆ ಬದಿಗೆ ಸರಿಸಿ ಅಂದೆ. ಒಬ್ಬರಿಗೆ ಸೂಜಿಯೇ ಬೇಕಾಗಲಿಲ್ಲ.

ರಾಣೆಬೆನ್ನೂರಿನವರಿಗೆ ಪ್ರೋಬ್ ಇಟ್ಟು ಮತ್ತೆ ಕೊಟ್ಟೆ. ಕಳೆದ ಜಾತ್ರೆಗೆ ಮಂಡಕ್ಕಿ ಪೊಟ್ಟಣ ತಂದುಕೊಟ್ಟು ಹೋದರು. ನಕ್ಕಿದ್ದ ಸರ್ಜನ್ ಈಗ ತಿಂಗಳಿಗೆ ಇಬ್ಬರನ್ನಾದರೂ ಕಳಿಸುತ್ತಾರೆ. ಚೀಟಿಯಲ್ಲಿ ಎರಡೇ ಪದ: "ಬೆರಳು ಕೇಸು."